ಬಾಗಿಯಕ್ಕನ ತಟ್ಟೆಯಲ್ಲಿ ತೇಲಿದ ಚೂರು

ಬೆಳಗಿನ ಐದೂಕಾಲು ಗಂಟೆ. ಮಂಗಳೂರಿನ ಉರ್ವ ಮಾರ್ಕೆಟಿನಲ್ಲಿ ಮೀನಿನ ಹೆಂಗಸರು ಇನ್ನೂ ಬುಟ್ಟಿ ಇಳಿಸಿಲ್ಲ, ಆದರೆ ಐಸಿನ ಗಾಡಿ ಬಂದು ನಿಂತಾಗಿದೆ. ಗಾಡಿಯ ಹಾಶಿಂ ಗೋಣಿ ಸರಿಸಿ, ಮರದ ಹೊಟ್ಟು ಕೊಡವಿ, ಉಳಿಯಿಂದ ಎರಡು ಪೆಟ್ಟು ಹಾಕಿ ಇಟ್ಟಿಗೆಯಷ್ಟು ದೊಡ್ಡ ತುಂಡೊಂದನ್ನು ಬಿಡಿಸುತ್ತಾನೆ. ಎದುರಿಗೆ ನಿಂತ ಸಣಕಲು ಹೆಂಗಸು ಅದನ್ನು ಬೀದಿದೀಪಕ್ಕೆ ಹಿಡಿದು ತಿರುಗಿಸಿ ನೋಡಿ ವಾಪಸು ಕೊಡುತ್ತಾರೆ.

"ಇದು ಬೇಡ. ಬೆಳ್ಳಗೆ ಉಂಟು, ಒಳಗೆ ಗಾಳಿ. ಬೇಗ ಕರಗ್ತದೆ. ಗಾಜಿನ ಹಾಗೆ ಇರುದು ಕೊಡು."

"ಮೀನಿನವರು ಸಹ ಇಷ್ಟು ಕಿರಿಕಿರಿ ಮಾಡುದಿಲ್ಲ ಬಾಗಿಯಕ್ಕ. ನಿಮ್ಮದು ಎಂತ ಮೀನು ಮಾರಾಯ್ರೆ?"

"ನನ್ನ ಮೀನು ನೋಡಿದ್ರೆ ನೀನು ಎರಡು ದಿನ ಊಟ ಮಾಡ್ಲಿಕ್ಕಿಲ್ಲ."

ಹಾಶಿಂ ನಗುತ್ತಾನೆ. ಬಾಗಿಯಕ್ಕ ಐಸನ್ನು ಗೋಣಿಯಲ್ಲಿ ಸುತ್ತಿ, ರೆಕ್ಸಿನ್ ಚೀಲಕ್ಕೆ ಇಳಿಸಿ, ಮೊದಲ ಸಿಟಿ ಬಸ್ಸಿಗೆ ಓಡುತ್ತಾರೆ. ಆರು ಗಂಟೆಗೆ ಸರಿಯಾಗಿ ನಗರದ ಒಂದು ಆಸ್ಪತ್ರೆಯ ಹಿಂಬದಿಯ ಕೋಣೆಯ ಬೀಗ ತೆಗೆಯುತ್ತಾರೆ. ಫಾರ್ಮಲಿನ್ನಿನ ವಾಸನೆ ಮೂಗಿಗೆ ಚುರುಕ್ಕೆನ್ನುತ್ತದೆ. ಹೊಸಬರಿಗೆ ಕಣ್ಣಲ್ಲಿ ನೀರೇ ಬರುತ್ತದೆ, ಬಾಗಿಯಕ್ಕನಿಗೆ ಮಾತ್ರ ಏನೂ ಆಗುವುದಿಲ್ಲ.

ಇಲ್ಲಿ ನಡೆಯುವ ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ಯಾರದೋ ಎದೆಯಿಂದ, ಗಂಟಲಿನಿಂದ, ಗರ್ಭಕೋಶದಿಂದ ಸರ್ಜನ್ ಕತ್ತರಿಸಿ ತೆಗೆದ ತುಣುಕು ಬಾಟಲಿಯಲ್ಲಿ ಇಲ್ಲಿಗೆ ಬರುತ್ತದೆ. ಅದನ್ನು ಗಟ್ಟಿ ಮಾಡಿ, ಸ್ಪಿರಿಟ್ಟಿನಲ್ಲಿ ನೀರು ತೆಗೆದು, ಕರಗಿದ ಮೇಣದಲ್ಲಿ ಮುಳುಗಿಸಿ, ಅರ್ಧ ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಅಚ್ಚು ಮಾಡುತ್ತಾರೆ. ಇದಕ್ಕೆ ಬ್ಲಾಕ್ ಎನ್ನುತ್ತಾರೆ. ಬ್ಲಾಕನ್ನು ಯಂತ್ರಕ್ಕೆ ಸಿಕ್ಕಿಸಿ ಚಕ್ರ ತಿರುಗಿಸಿದರೆ, ಅಲಗಿನ ಅಂಚಿನಿಂದ ಈರುಳ್ಳಿಯ ಒಳಸಿಪ್ಪೆಗಿಂತಲೂ ತೆಳ್ಳಗಿನ ಹಾಳೆ ರಿಬ್ಬನ್ನಿನ ಹಾಗೆ ಇಳಿದು ಬರುತ್ತದೆ. ಒಂದು ತಲೆಕೂದಲನ್ನು ಉದ್ದಕ್ಕೆ ಹದಿನೈದು ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪವೋ ಅಷ್ಟು ದಪ್ಪ. ಮಂಗಳೂರಿನ ಸೆಕೆಗೆ ಮೇಣ ಮೆತ್ತಗಾದರೆ ಹಾಳೆ ಮುದುಡುತ್ತದೆ. ಅದಕ್ಕೇ ಈ ಐಸು, ಅದಕ್ಕೇ ಈ ಬೆಳಗಿನ ಜಾವ. ಲ್ಯಾಬಿನ ಫ್ರಿಜ್ಜು ಕೆಟ್ಟು ನಿಂತು ನಾಲ್ಕು ವರ್ಷವಾಯಿತು, ಈಗ ಅದರಲ್ಲಿ ಹಳೆಯ ರಿಜಿಸ್ಟರುಗಳಿವೆ.

ದಿನಕ್ಕೆ ಹನ್ನೆರಡರಿಂದ ಹದಿನೈದು ಬ್ಲಾಕ್, ವರ್ಷಕ್ಕೆ ನಾಲ್ಕು ಸಾವಿರದ ಹತ್ತಿರ. ಈ ಚಕ್ರವನ್ನು ಬಾಗಿಯಕ್ಕ ತಿರುಗಿಸಲು ತೊಡಗಿ ಈ 1986ಕ್ಕೆ ಹದಿನೈದು ವರ್ಷ. ಮಂಗಳೂರಿನಲ್ಲಿ ಎಷ್ಟೋ ಮನೆಗಳ ಸುಖದುಃಖ ಈ ಕೈಯಿಂದ ದಾಟಿ ಹೋಗಿದೆ, ಆದರೆ ಆ ಮನೆಗಳಲ್ಲಿ ಒಬ್ಬರಿಗೂ ಈ ಹೆಸರು ಗೊತ್ತಿಲ್ಲ. ರಿಪೋರ್ಟಿನ ಕೆಳಗೆ ಡಾಕ್ಟರ ಸಹಿ ಇರುತ್ತದೆ. ಅಲಗು ಮಸೆದವರ ಹೆಸರು ಹಾಕುವ ಜಾಗ ಆ ಕಾಗದದಲ್ಲಿಲ್ಲ.

ಹುಟ್ಟಿದ್ದು ಗದ್ದೆ ಬೇಸಾಯದ ಮನೆಯಲ್ಲಿ. ಓದಿದ್ದು ಐದನೆಯ ಕ್ಲಾಸು. ಹನ್ನೆರಡನೆಯ ವಯಸ್ಸಿಗೆ ಬೀಡಿ ಕಟ್ಟಲು ಕೂತರು. ಮದುವೆಯಾಗಿ ಉರ್ವಕ್ಕೆ ಬಂದ ಮೇಲೆ, 1964ರಲ್ಲಿ, ಆಸ್ಪತ್ರೆಯಲ್ಲಿ ಬಾಟಲಿ ತೊಳೆಯುವ ಆಯಾ ಕೆಲಸ ಸಿಕ್ಕಿತು. ಗಂಡ ಬೋಜ ಆಗ ಹಂಚಿನ ಕಾರ್ಖಾನೆಯಲ್ಲಿದ್ದರು. 71ರಲ್ಲಿ ಲ್ಯಾಬಿನ ಟೆಕ್ನಿಷಿಯನ್ ದುಬಾಯಿಗೆ ಹಾರಿದ. ಇನ್ನೊಬ್ಬ ಬಂದ, ಅವನೂ ಆರು ತಿಂಗಳಲ್ಲಿ ಹಾರಿದ. ಬ್ಲಾಕುಗಳು ರಾಶಿ ಬಿದ್ದವು. ಲ್ಯಾಬಿನ ಮುಖ್ಯಸ್ಥ ಡಾಕ್ಟರ್ ಜಯಪಾಲ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಗ ಬಾಟಲಿ ತೊಳೆಯುತ್ತಿದ್ದ ಬಾಗಿ, "ನಾನೊಮ್ಮೆ ತಿರುಗಿಸಿ ನೋಡ್ಲಾ ಡಾಕ್ಟ್ರೆ?" ಎಂದು ಕೇಳಿದರು.

"ಬೀಡಿ ಎಲೆ ಕತ್ತರಿಸಿದ ಕೈ ನೋಡಿ," ಎನ್ನುತ್ತಾರೆ ಬಾಗಿಯಕ್ಕ. "ಎಲೆ ಸ್ವಲ್ಪ ಒಣಗಿದ್ರೆ ಒಡೀತದೆ, ಹಸಿ ಇದ್ರೆ ಮಡಚ್ತದೆ. ಮೇಣವೂ ಹಾಗೇ. ಹದ ಕೈಗೆ ಗೊತ್ತಾಗ್ಬೇಕು, ಪುಸ್ತಕದಲ್ಲಿ ಇಲ್ಲ."

ಜಯಪಾಲ ಡಾಕ್ಟರು ಒಳ್ಳೆಯ ಮೇಷ್ಟ್ರು. ದೊಡ್ಡ ಜಮೀನಿನ ಮನೆಯವರು, ಮಾತು ಕಡಿಮೆ, ಆದರೆ ಮೈಕ್ರೋಸ್ಕೋಪಿನ ಎದುರು ಕೂತರೆ ಬಾಯಿ ಬಿಚ್ಚುತ್ತಾರೆ. ಬಣ್ಣ ಸರಿಯಾಗಿ ಹಿಡಿದಿದೆಯೇ ಎಂದು ನೋಡಲು ಬಾಗಿಗೂ ಮೈಕ್ರೋಸ್ಕೋಪು ಕಲಿಸಿದರು. ಅದರ ಜೊತೆಗೆ ಇನ್ನೊಂದು ಪಾಠವನ್ನೂ ಹೇಳಿಕೊಟ್ಟರು: "ಕ್ಯಾನ್ಸರ್ ಅಂದ್ರೆ ಬರೇ ಗಡ್ಡೆ ಅಲ್ಲ ಬಾಗಿ. ಗಡ್ಡೆ ಮತ್ತು ಅದರ ನೆರೆಕರೆ, ಎರಡೂ ಸೇರಿ ಕ್ಯಾನ್ಸರ್. ಪಕ್ಕದ ಒಳ್ಳೆ ಮಾಂಸ ಸ್ಲೈಡಿಗೆ ಬಾರದಿದ್ರೆ ನನಗೆ ಅರ್ಧ ಕತೆ ಮಾತ್ರ ಕಾಣುದು."

ಗಡ್ಡೆ ಸಾಸಿವೆ ಕಾಳಿನಷ್ಟಿರುವ ತನಕ ಅಕ್ಕಪಕ್ಕದಿಂದ ಒಸರಿ ಬಂದದ್ದನ್ನೇ ತಿಂದು ಬದುಕುತ್ತದೆಯಂತೆ. ಅದಕ್ಕಿಂತ ದೊಡ್ಡದಾಗಬೇಕಾದರೆ ರಕ್ತ ಬೇಕು. ಆಗ ಅದು ನೆರೆಯ ರಕ್ತನಾಳಗಳಿಗೆ ಏನೋ ಒಂದು ಸೂಚನೆ ಕಳುಹಿಸುತ್ತದೆ. ಆ ನಾಳಗಳಿಂದ ಹೊಸ ಕವಲುಗಳು ಒಡೆದು, ಅಂಕುಡೊಂಕಾಗಿ ಗಡ್ಡೆಯ ಕಡೆಗೆ ಬೆಳೆಯುತ್ತವೆ. ಸುತ್ತಲಿನ ನಾರು ದಪ್ಪವಾಗುತ್ತದೆ, ರೋಗದ ವಿರುದ್ಧ ಹೋರಾಡುವ ಕಣಗಳು ಗಡಿಯಲ್ಲಿ ಗುಂಪುಗೂಡುತ್ತವೆ. ಈ ನಾಳಗಳ ಸಂಗತಿ ಪರದೇಶದ ಡಾಕ್ಟರುಗಳಿಗೇ ಈಚೆಗೆ ಸ್ಪಷ್ಟವಾಗುತ್ತಿದೆ, ಇನ್ನೂ ವಾದ ನಡೆಯುತ್ತಿದೆ ಎಂದು ಜಯಪಾಲರು ಪತ್ರಿಕೆಗಳನ್ನು ಓದಿ ಹೇಳುತ್ತಿದ್ದರು. ಬಾಗಿಯಕ್ಕನಿಗೆ ವಾದವೇನೂ ಬೇಕಾಗಲಿಲ್ಲ.

"ಅಪ್ಪನ ಗದ್ದೆಯ ಪಕ್ಕದಲ್ಲಿ ಒಬ್ಬ ಇದ್ದ," ಎನ್ನುತ್ತಾರೆ. "ನಮ್ಮ ಬದು ಕಡಿದು ಅವನ ಗದ್ದೆಗೆ ನೀರು ತಿರುಗಿಸುದು. ಇದು ಅವನಿಗಿಂತ ಜೋರು. ಇದು ಬದು ಕಡಿಯುದಿಲ್ಲ, ನಮ್ಮ ಕೈಯಿಂದಲೇ ಕಾಲುವೆಯ ಹಾಗೆ ಕಣಿ ತೋಡಿಸಿ ನೀರು ತರಿಸಿಕೊಳ್ತದೆ."

ಮಾತಾಡುತ್ತಲೇ ಅವರು ರಿಬ್ಬನ್ನನ್ನು ಕುಂಚದ ತುದಿಯಿಂದ ಎತ್ತಿ ಬಿಸಿನೀರಿನ ತಟ್ಟೆಯ ಮೇಲೆ ತೇಲಿಬಿಡುತ್ತಾರೆ. ಮುದುಡಿದ ಹಾಳೆ ಬಿಸಿಗೆ ಹರಡಿಕೊಳ್ಳುತ್ತದೆ. ಗಾಜಿನ ಸ್ಲೈಡನ್ನು ನೀರಿಗೆ ಇಳಿಸಿ ಹಾಳೆಯನ್ನು ಮೇಲೆತ್ತುತ್ತಾರೆ. ಆಮೇಲೆ ಹಳೆಯ ಪೇಪರಿನ ಪಟ್ಟಿಯೊಂದನ್ನು ನೀರಿನ ಮೇಲೆ ಅಡ್ಡಲಾಗಿ ಎಳೆಯುತ್ತಾರೆ. ಹಿಂದಿನ ಬ್ಲಾಕಿನ ಚೂರು ಏನಾದರೂ ತೇಲುತ್ತಿದ್ದರೆ ಅದು ಪೇಪರಿಗೆ ಅಂಟಿಕೊಳ್ಳುತ್ತದೆ. ಎಲ್ಲ ಲ್ಯಾಬುಗಳಲ್ಲಿಯೂ ಇಷ್ಟು ಮಾಡುತ್ತಾರೆ. ಬಾಗಿಯಕ್ಕ ಅಷ್ಟಕ್ಕೆ ಬಿಡುವುದಿಲ್ಲ. ಪ್ರತಿ ಬ್ಲಾಕ್ ಆದ ಮೇಲೆ ತಟ್ಟೆಯ ನೀರನ್ನೇ ಚೆಲ್ಲಿ, ತಟ್ಟೆ ಒರೆಸಿ, ಹೊಸ ನೀರು ಕಾಯಿಸುತ್ತಾರೆ. ಹೀಗೆ ಮಾಡಿದರೆ ದಿನಕ್ಕೆ ಒಂದೂವರೆ ಗಂಟೆ ಹೆಚ್ಚು ಹಿಡಿಯುತ್ತದೆ. ಯಾಕೆ ಎಂದು ಕೇಳಿದರೆ ಕುಂಚವನ್ನು ಕೆಳಗಿಡುತ್ತಾರೆ.

"ಏಳು ವರ್ಷ ಆಯ್ತು," ಎನ್ನುತ್ತಾರೆ. "ಒಂದು ದಿನ ಪೇಪರ್ ಎಳೀಲಿಲ್ಲ ನಾನು. ಒಂದೇ ದಿನ."

ಅದು 1979ರ ಜುಲೈ, ಸೋಮವಾರ. ಹೊರಗೆ ಆಟಿ ತಿಂಗಳ ಮಳೆ ಹೊಯ್ಯುತ್ತಿತ್ತು. ಆರೂವರೆಗೆ ಬಾಗಿಯಕ್ಕ ಆ ತಿಂಗಳ ಇನ್ನೂರ ಹನ್ನೊಂದನೆಯ ನಂಬರಿನ ಬ್ಲಾಕ್ ಕೊಯ್ಯುತ್ತಿದ್ದರು. ದೇರೆಬೈಲಿನ ಒಬ್ಬ ಅಜ್ಜಿಯ ಎದೆಯ ಗಡ್ಡೆ ಅದು, ಕ್ಯಾನ್ಸರ್ ಎಂದು ಬರಿಗಣ್ಣಿಗೇ ಗೊತ್ತಾಗುವ ಹಾಗಿತ್ತು. ಹಾಳೆ ಎತ್ತುವಾಗ ಅದರ ಒಂದು ಮೂಲೆ ಹರಿಯಿತು. ಉಳಿದ ಭಾಗ ಚೆನ್ನಾಗಿತ್ತು, ಸಾಕು ಎಂದು ಬಿಟ್ಟರು. ಅಷ್ಟರಲ್ಲಿ ಕರೆಂಟು ಹೋಯಿತು.

ಕರೆಂಟು ಹೋದರೆ ತಟ್ಟೆಯ ನೀರು ಐದು ನಿಮಿಷದಲ್ಲಿ ಆರುತ್ತದೆ. ಇನ್ನೂರ ಹನ್ನೆರಡನೆಯ ಬ್ಲಾಕಿನ ರಿಬ್ಬನ್ ಆಗಲೇ ಅಲಗಿನ ಮೇಲೆ ಸಿದ್ಧವಾಗಿತ್ತು. ನೀರು ಬಿಸಿ ಇರುವಾಗಲೇ ಮುಗಿಸಿಬಿಡೋಣ ಎಂಬ ಅವಸರದಲ್ಲಿ ಬಾಗಿಯಕ್ಕ ಪೇಪರ್ ಎಳೆಯದೆ ರಿಬ್ಬನ್ ತೇಲಿಬಿಟ್ಟರು. ಮಳೆಗಾಲದ ಆ ಮಂದ ಬೆಳಕಿನಲ್ಲಿ ನೀರಿನ ಮೇಲೆ ಏನಿತ್ತು, ಏನಿರಲಿಲ್ಲ ಎಂದು ಕಾಣುವ ಹಾಗಿರಲಿಲ್ಲ.

ಇನ್ನೂರ ಹನ್ನೆರಡು ಬಿಕರ್ನಕಟ್ಟೆಯ ಕಡೆಯ ಒಬ್ಬ ಟೀಚರರದ್ದು, ಪ್ರಾಯ ಇಪ್ಪತ್ತಾರು. ಅವರನ್ನು ಡುಲ್ಸಿನ್ ಎಂದು ಕರೆಯೋಣ. ಎದೆಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು ಇತ್ತು. ಸರ್ಜನ್ ಡಾಕ್ಟರ್ ರೇಮಂಡ್ ಗಂಟನ್ನು ತೆಗೆದು ಪರೀಕ್ಷೆಗೆ ಕಳುಹಿಸಿದ್ದರು. ಮಂಗಳವಾರ ಜಯಪಾಲರು ಸ್ಲೈಡ್ ನೋಡಿದರು. ಹರೆಯದ ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ ಆಗುವ, ಉಪದ್ರವವಿಲ್ಲದ ಗಂಟಿನ ಹಾಗೆಯೇ ಕಂಡಿತು, ಆದರೆ ಅಂಚಿನಲ್ಲಿ ಕೆಟ್ಟ ಕಣಗಳ ಒಂದು ಗುಂಪು ಇತ್ತು. ಆ ದಿನ ಅವರ ಮುಂದೆ ನಲವತ್ತು ಸ್ಲೈಡುಗಳಿದ್ದವು. ಕಂಡದ್ದನ್ನು ಬಿಡುವ ಹಾಗಿಲ್ಲ. ಕ್ಯಾನ್ಸರ್ ಎಂದು ಬರೆದು ಸಹಿ ಹಾಕಿದರು. ಗುರುವಾರ ಬೆಳಿಗ್ಗೆ ಎಂಟೂವರೆಗೆ ಪೂರ್ತಿ ಸ್ತನ ತೆಗೆಯುವುದು ಎಂದು ನಿಶ್ಚಯವಾಯಿತು.

ಆಪರೇಶನ್ ಆದ ಮೇಲೆ, ಇಲ್ಲಿಯವರು ಕರೆಂಟು ಎನ್ನುವ ವಿಕಿರಣ ಚಿಕಿತ್ಸೆ ಪಡೆಯಲು ಡುಲ್ಸಿನ್ ಬೇರೆ ಊರಿನ ಆಸ್ಪತ್ರೆಗೆ ಹೋಗಬೇಕಿತ್ತು. ಅಲ್ಲಿಗೆ ಕೊಡಲು ಇನ್ನೊಂದು ಸ್ಲೈಡ್ ಬೇಕೆಂದು ರೇಮಂಡರು ಬುಧವಾರ ಸಂಜೆ ಚೀಟಿ ಕಳುಹಿಸಿದರು. ಆ ಚೀಟಿ ಬಾರದಿದ್ದರೆ ಈ ಲೇಖನವೇ ಇಲ್ಲ.

ಗುರುವಾರ ಆರು ಗಂಟೆಗೆ ಬಾಗಿಯಕ್ಕ ಇನ್ನೂರ ಹನ್ನೆರಡನ್ನು ಮತ್ತೆ ಯಂತ್ರಕ್ಕೆ ಸಿಕ್ಕಿಸಿದರು. ಏಳೂಕಾಲಿಗೆ ಸ್ಲೈಡ್ ಬಣ್ಣ ಹೊತ್ತು ತಯಾರಾಯಿತು. ಬಣ್ಣ ನೋಡಲು ಮೈಕ್ರೋಸ್ಕೋಪಿನ ಕೆಳಗಿಟ್ಟರು. ನೇರಳೆ ಸರಿ ಇತ್ತು, ಗುಲಾಬಿ ಸರಿ ಇತ್ತು. ಕೆಟ್ಟ ಕಣಗಳ ಗುಂಪು ಇರಲಿಲ್ಲ.

ಇನ್ನೆರಡು ಹಾಳೆ ಆಳಕ್ಕೆ ಕೊಯ್ದು ಗಡಿಬಿಡಿಯಲ್ಲಿ ಬಣ್ಣ ಹಾಕಿ ನೋಡಿದರು. ಅವುಗಳಲ್ಲಿಯೂ ಇರಲಿಲ್ಲ. ಸೋಮವಾರದ ಸ್ಲೈಡನ್ನು ಹುಡುಕಿ ತೆಗೆದು ಇಟ್ಟರು. ಅದರಲ್ಲಿ ಗುಂಪು ಇತ್ತು, ಅಂಚಿನಲ್ಲಿ, ತನ್ನಷ್ಟಕ್ಕೆ. ಅದರ ಸುತ್ತ ನಾರು ದಪ್ಪವಾಗಿರಲಿಲ್ಲ. ಹೋರಾಡುವ ಕಣ ಒಂದೂ ಬಂದಿರಲಿಲ್ಲ. ನೆರೆಕರೆಯಲ್ಲಿ ಕಳ್ಳ ಹೊಕ್ಕರೂ ಒಂದು ನಾಯಿ ಸಹ ಬೊಗಳಿರಲಿಲ್ಲ.

"ಆಗ ಕರೆಂಟು ಹೋದದ್ದು ನೆನಪಾಯ್ತು," ಎನ್ನುತ್ತಾರೆ ಬಾಗಿಯಕ್ಕ. "ಪೇಪರ್ ಎಳೀಲಿಲ್ಲ ಅಂತ ನೆನಪಾಯ್ತು. ಎದ್ದು ಗಡಿಯಾರ ನೋಡಿದೆ ಮಾರಾಯ್ರೆ."

ಇಲ್ಲೊಂದು ಮಾತು ಹೇಳಬೇಕು. ಬಾಗಿಯಕ್ಕ ಆ ಸ್ಲೈಡನ್ನು ಡಬ್ಬಿಯಲ್ಲಿಟ್ಟು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಸ್ತನ ತೆಗೆದ ಮೇಲೆ ಅದರಲ್ಲಿ ಕ್ಯಾನ್ಸರ್ ಸಿಗದಿದ್ದರೆ, ಇದ್ದದ್ದೆಲ್ಲ ಮೊದಲೇ ಗಂಟಿನ ಜೊತೆ ಬಂದಿತ್ತು ಎನ್ನುತ್ತಿದ್ದರು. ಹಾಗೆ ಆಗುವುದೂ ಉಂಟು. ಎಲ್ಲರೂ ದೇವರಿಗೆ ಕೈ ಮುಗಿಯುತ್ತಿದ್ದರು. ಇನ್ನೊಂದು ಕಡೆ, ಎಂಟು ವರ್ಷ ಟೆಕ್ನಿಷಿಯನ್ ಕೆಲಸ ಮಾಡಿದ ಮೇಲೂ ರಿಜಿಸ್ಟರಿನಲ್ಲಿ ಆಯಾ ಎಂದೇ ಇದ್ದ ಅವರ ಹುದ್ದೆಯನ್ನು ಬದಲಿಸುವ ಕಾಗದ ಅದೇ ತಿಂಗಳು ಆಡಳಿತದವರ ಮೇಜಿನ ಮೇಲಿತ್ತು. ಬಾಯಿ ಬಿಟ್ಟರೆ ಆ ಕಾಗದದ ಗತಿ ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಗಡಿಯಾರ ಎಂಟು ಹೊಡೆಯಿತು. ಜಯಪಾಲರು ಬರುವುದು ಒಂಬತ್ತಕ್ಕೆ. ಬಾಗಿಯಕ್ಕ ಆಫೀಸಿನ ಜವಾನನ ಕೈಕಾಲು ಹಿಡಿದು, ಸೈಕಲಿನಲ್ಲಿ ಹೋಗಿ ಡಾಕ್ಟರನ್ನು ಬೇಗ ಕರೆದುಕೊಂಡು ಬಾ ಎಂದು ಕಳುಹಿಸಿ, ಮೇಲಿನ ಮಾಳಿಗೆಗೆ ಓಡಿದರು. ಥಿಯೇಟರಿನ ಹೊರಗೆ ಬೆಂಚಿನಲ್ಲಿ ಜಪಸರ ಹಿಡಿದು ಒಬ್ಬ ಹೆಂಗಸು ಕೂತಿದ್ದರು. ಡುಲ್ಸಿನ್ನರ ತಾಯಿ; ಅವರನ್ನು ಎಸ್ತೆರ್ ಎನ್ನೋಣ. ಆಯಾಳ ಸೀರೆ ಕಂಡು ಅವರು ಕೈ ಹಿಡಿದು ನಿಲ್ಲಿಸಿದರು.

"ಮಗಳನ್ನು ಒಳಗೆ ತಕೊಂಡು ಹೋದ್ರು ಅಕ್ಕ. ಇನ್ನು ಎಷ್ಟು ಹೊತ್ತು ಉಂಟು? ಡಿಸೆಂಬರಿಗೆ ಮದುವೆ ಇತ್ತು ಅವಳದ್ದು. ಹುಡುಗ ಬಹ್ರೈನಲ್ಲಿ. ನಿನ್ನೆ ಅವನ ಮನೆಯವರು ಬಂದು ಬೇಡ ಅಂತ ಹೇಳಿ ಹೋದ್ರು. ಅವಳು ಅಳ್ಲಿಲ್ಲ."

ಬಾಗಿಯಕ್ಕ ಕೈ ಬಿಡಿಸಿಕೊಂಡು ಬಾಗಿಲು ತಟ್ಟಿದರು. ಹೆಡ್ ನರ್ಸ್ ತಲೆ ಹೊರಹಾಕಿ, ಆಯಾಳಿಗೆ ಇಲ್ಲಿ ಏನು ಕೆಲಸ ಎಂದು ಗದರಿದರು. ಬಾಗಿಯಕ್ಕ ಕದಲಲಿಲ್ಲ. ಗಲಾಟೆ ಕೇಳಿ ರೇಮಂಡರೇ ಹೊರಗೆ ಬಂದರು. ಕೈ ತೊಳೆದಾಗಿತ್ತು, ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಸರ್, ಟೀಚರಿನ ಆಪರೇಶನ್ ಮಾಡ್ಬೇಡಿ. ಸ್ಲೈಡಿನಲ್ಲಿ ಇರುದು ಅವರ ಕ್ಯಾನ್ಸರ್ ಅಲ್ಲ. ಬೇರೆಯವರದ್ದು ಚೂರು ತೇಲಿ ಬಂದದ್ದು. ತಪ್ಪು ನನ್ನದು."

"ಎಂತ ಹೇಳ್ತಿ ನೀನು? ರಿಪೋರ್ಟಿಗೆ ಸಹಿ ಹಾಕಿದ್ದು ಜಯಪಾಲ್."

"ಸಹಿ ಅವರದ್ದು ಸರ್. ತಟ್ಟೆ ನನ್ನದು."

ರೇಮಂಡರು ಅವರ ಮುಖವನ್ನೇ ನೋಡಿದರು. "ನೀನು ಹೇಳುದು ತಪ್ಪಾದ್ರೆ? ಕ್ಯಾನ್ಸರನ್ನು ಅವಳ ಮೈಯೊಳಗೆ ಬಿಟ್ಟು ಮನೆಗೆ ಕಳಿಸಿದ ಹಾಗೆ. ವರ್ಷದೊಳಗೆ ಹೋಗ್ತಾಳೆ. ಅದು ಗೊತ್ತುಂಟಾ ನಿನಗೆ?"

"ಗೊತ್ತುಂಟು ಸರ್."

ಅತ್ತ ದರಿ, ಇತ್ತ ಪುಲಿ ಎನ್ನುವ ಗಾದೆಯನ್ನು ನಾವು ಸಣ್ಣಪುಟ್ಟದ್ದಕ್ಕೆಲ್ಲ ಬಳಸುತ್ತೇವೆ. ಆ ಬಾಗಿಲಿನ ಎದುರು ಅದು ನಿಜವಾಗಿತ್ತು. ಮಾತಾಡಿದ್ದು ಸರಿಯಾದರೆ ಒಬ್ಬ ಹೆಣ್ಣುಮಗಳ ಮೈ ಉಳಿಯುತ್ತದೆ, ತಪ್ಪಾದರೆ ಅವಳ ಜೀವ ಹೋಗುತ್ತದೆ. ಅದನ್ನು ನಿರ್ಧರಿಸಲು ಐದನೆಯ ಕ್ಲಾಸಿನ ಓದು ಸಾಲದು ಎಂದು ಬಾಗಿಯಕ್ಕನಿಗೆ ಆ ಹೊತ್ತಿನಲ್ಲಿ ಅನಿಸಿದ್ದೂ ನಿಜ.

ಪಟ್ಟಿಯಲ್ಲಿ ಇನ್ನೊಂದು ಹರ್ನಿಯಾ ಆಪರೇಶನ್ ಇತ್ತು. "ಅದನ್ನು ಮೊದಲು ತಕೊಳ್ತೇನೆ. ಒಂದು ಗಂಟೆ," ಎಂದರು ರೇಮಂಡರು. "ಜಯಪಾಲ್ ಬಂದು ಬಾಯಿಬಿಟ್ಟು ಹೇಳ್ಬೇಕು. ನೀನು ಹೇಳಿದ್ರೆ ಸಾಲದು."

ಜಯಪಾಲರು ಮಳೆಕೋಟಿನಿಂದ ನೀರು ಇಳಿಸುತ್ತ ಲ್ಯಾಬಿಗೆ ಬಂದಾಗ ಎಂಟೂ ಐವತ್ತು. ಬಾಗಿಯಕ್ಕ ಒಂದನ್ನೂ ಮುಚ್ಚಿಡದೆ ಹೇಳಿದರು. ಅವರು ಕೋಟು ಸಹ ಬಿಚ್ಚದೆ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟರು. ಹಳೆಯ ಸ್ಲೈಡ್, ಹೊಸ ಸ್ಲೈಡ್, ಮತ್ತೆ ಹಳೆಯದು.

"ಸಾಲದು ಬಾಗಿ," ಎಂದರು ಕೊನೆಗೆ. "ಆಳದ ಹಾಳೆಯಲ್ಲಿ ಇಲ್ಲ ಅಂದ್ರೆ ಸಣ್ಣ ಗಡ್ಡೆ, ಮೇಲಿನ ಹಾಳೆಯಲ್ಲೇ ಮುಗಿದಿರಬಹುದು. ನೆರೆಕರೆ ಸುಮ್ಮನೆ ಉಂಟು ಅಂತ ಹೇಳ್ತಿ. ತೀರಾ ಸಣ್ಣದಾದ್ರೆ ನೆರೆಕರೆಗೆ ಇನ್ನೂ ಗೊತ್ತೇ ಆಗಿರುದಿಲ್ಲ. ನಾಳವೂ ಬಂದಿರುದಿಲ್ಲ. ಇದರ ಮೇಲೆ ನಾನು ರೇಮಂಡನಿಗೆ ನಿಲ್ಲಿಸು ಅಂತ ಹೇಗೆ ಹೇಳ್ಲಿ?"

ಒಂಬತ್ತೂಕಾಲಾಗಿತ್ತು. ಮೇಲೆ ಹರ್ನಿಯಾ ಮುಗಿಯುತ್ತ ಬಂದಿರಬೇಕು. "ಒಮ್ಮೆ ನಾನು ನೋಡ್ಲಾ?" ಎಂದು ಬಾಗಿಯಕ್ಕ ಕೇಳಿದರು. ಜಯಪಾಲರು ಸ್ಟೂಲು ಬಿಟ್ಟುಕೊಟ್ಟರು.

ಬಾಗಿಯಕ್ಕ ಗುಂಪಿನ ಒಳಗೆ ನೋಡಿದರು. ಅಲ್ಲಿ ಒಂದು ನಾಳ ಇತ್ತು. ತೆಳು ಗೋಡೆಯ, ಸೊಟ್ಟ ನಾಳ, ಒಳಗೆ ರಕ್ತದ ಕಣಗಳು ಸಾಲುಗಟ್ಟಿ ನಿಂತಿದ್ದವು. ಅದು ಎರಡು ಕವಲಾಗಿ, ಒಂದು ಕವಲು ಗುಂಪಿನ ಅಂಚಿಗೆ ಬಂದು ಕಡಿದು ಹೋಗಿತ್ತು. ಅಂಚಿನಿಂದ ಈಚೆ, ಟೀಚರಿನ ಮಾಂಸದಲ್ಲಿ, ಅದರ ಮುಂದುವರಿಕೆ ಇರಲಿಲ್ಲ.

"ನಾಳ ಉಂಟಲ್ಲ ಡಾಕ್ಟ್ರೆ," ಎಂದರು. "ಕಣಿಯಲ್ಲಿ ನೀರು ತುಂಬಿ ಉಂಟು. ಆದ್ರೆ ಆ ನೀರು ಯಾರ ಗದ್ದೆಯಿಂದ ಬಂತು? ಇವರ ಗದ್ದೆಯಿಂದ ಅಲ್ಲ. ಇಲ್ಲಿ ಕಣಿಯೇ ಇಲ್ಲ."

ಜಯಪಾಲರು ಕೈ ಚಾಚಿದರು. ಬಾಗಿಯಕ್ಕ ಇನ್ನೂರ ಹನ್ನೊಂದನೆಯ ಸ್ಲೈಡನ್ನು ಆ ಕೈಯಲ್ಲಿಟ್ಟರು. ಅಜ್ಜಿಯ ಗಡ್ಡೆ, ಮೂಲೆ ಹರಿದ ಹಾಳೆ. ಡಾಕ್ಟರು ಹರಿದ ಅಂಚನ್ನು ಹಿಡಿದು ನಿಧಾನಕ್ಕೆ ಸರಿಸುತ್ತ ಹೋದರು. ಅಲ್ಲಿನ ನೆರೆಕರೆ ಗದ್ದಲವೆದ್ದು ಹೋಗಿತ್ತು. ನಾರು ದಪ್ಪ, ಕಣಗಳ ದಂಡು, ಅಂಕುಡೊಂಕು ನಾಳಗಳು. ಒಂದು ಕಡೆ ಅವರ ಕೈ ನಿಂತಿತು. ಹರಿದ ಅಂಚಿಗೆ ಬಂದು ಕಡಿದುಹೋದ ನಾಳವೊಂದು ಅಲ್ಲಿತ್ತು. ಅವರು ರಿಜಿಸ್ಟರಿನ ಕೊನೆಯ ಹಾಳೆ ಹರಿದು ಆ ಅಂಚಿನ ಗೆರೆಯನ್ನು ಪೆನ್ಸಿಲಿನಲ್ಲಿ ಬರೆದರು. ಇನ್ನೊಂದು ಸ್ಲೈಡ್ ಇಟ್ಟು, ಚೂರಿನ ಅಂಚನ್ನು ತೆಳು ಕಾಗದದಲ್ಲಿ ಬರೆದರು. ತೆಳು ಕಾಗದವನ್ನು ತಿರುಗಿಸಿ ಗೆರೆಯ ಮೇಲೆ ಗೆರೆ ಇಟ್ಟರು. ಉಬ್ಬಿಗೆ ತಗ್ಗು ಕೂತಿತು. ನಾಳಕ್ಕೆ ನಾಳ ಸೇರಿತು.

ಜಯಪಾಲರು ಎರಡೂ ಕಾಗದ ಹಿಡಿದು ಮಾಳಿಗೆಗೆ ಓಡಿದರು. ಐವತ್ತು ದಾಟಿದ ಡಾಕ್ಟರು ಮೆಟ್ಟಿಲು ಓಡಿ ಹತ್ತಿದ್ದನ್ನು ಆಸ್ಪತ್ರೆಯವರು ಆ ದಿನ ಮಾತ್ರ ಕಂಡದ್ದಂತೆ. ಬಾಗಿಯಕ್ಕ ಕೆಳಗೇ ಉಳಿದರು. ಏನು ಮಾಡುವುದೆಂದು ತೋಚದೆ ತಟ್ಟೆ ತೊಳೆದರು. ತೊಳೆದದ್ದನ್ನೇ ಮತ್ತೆ ತೊಳೆದರು. ಹತ್ತು ಗಂಟೆಗೆ ಡಾಕ್ಟರು ಬಂದು ಬಾಗಿಲಲ್ಲಿ ನಿಂತು, "ನಿಲ್ಲಿಸಿದ್ರು," ಎಂದಾಗ ಬಾಗಿಯಕ್ಕ ನೆಲದ ಮೇಲೆ ಕೂತು ಗಟ್ಟಿಯಾಗಿ ಅತ್ತುಬಿಟ್ಟರು.

ಆ ಮಧ್ಯಾಹ್ನವೇ ಇನ್ನೂರ ಹನ್ನೆರಡನೆಯ ಬ್ಲಾಕಿನಲ್ಲಿ ಉಳಿದಿದ್ದದ್ದನ್ನು ಕೊನೆಯ ತನಕ ಕೊಯ್ದರು. ಅರುವತ್ತನಾಲ್ಕು ಹಾಳೆಗಳಲ್ಲಿ ಒಂದರಲ್ಲಿಯೂ ಕ್ಯಾನ್ಸರ್ ಇರಲಿಲ್ಲ. ಆರು ತಿಂಗಳಿಗೊಮ್ಮೆಯಂತೆ ಮೂರು ವರ್ಷ ರೇಮಂಡರು ಡುಲ್ಸಿನ್ನರನ್ನು ಪರೀಕ್ಷಿಸಿದರು. ಈ ಹೊತ್ತಿಗೂ ಅವರು ಆರೋಗ್ಯವಾಗಿದ್ದಾರೆ.

ಇಲ್ಲಿಗೆ ನಿಲ್ಲಿಸಿದರೆ ಇದು ಒಳ್ಳೆಯ ಕತೆ. ಬಾಗಿಯಕ್ಕ ನಿಲ್ಲಿಸಲು ಬಿಡುವುದಿಲ್ಲ.

ಹುದ್ದೆ ಬದಲಿಸುವ ಕಾಗದ ವಾಪಸು ಹೋಯಿತು, ಅದರ ಬದಲಿಗೆ ಮೆಮೊ ಬಂತು. ರಿಜಿಸ್ಟರಿನಲ್ಲಿ ಇಂದಿಗೂ ಅವರು ಆಯಾ. ಅದರ ಬಗ್ಗೆ ಅವರಿಗೆ ದೂರಿಲ್ಲ. ದೂರು ಬೇರೆಯದು. ಡುಲ್ಸಿನ್ನರ ಮನೆಯವರಿಗೆ ಆಸ್ಪತ್ರೆ ಹೇಳಿದ್ದು ಒಂದೇ ಮಾತು: ಮರುಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಎಸ್ತೆರ್ ಬಾಯಿ ಅದನ್ನು ಬಾಲಯೇಸುವಿನ ಪವಾಡವೆಂದು ತಿಳಿದು ಬಿಕರ್ನಕಟ್ಟೆಯ ಬಾಲಯೇಸು ಚರ್ಚಿನಲ್ಲಿ ಮೊಂಬತ್ತಿ ಹಚ್ಚಿದರು. ಲ್ಯಾಬಿಗೂ ಬಂದು ಎಲ್ಲರಿಗೂ ಸಿಹಿ ಹಂಚಿದರು. ಬಾಗಿಯಕ್ಕನ ಕೈಗೂ ಒಂದು ಲಾಡು ಇಟ್ಟರು.

"ಅದನ್ನು ಹೇಗೆ ತಿನ್ನುದು ಹೇಳಿ," ಎನ್ನುತ್ತಾರೆ. "ಪವಾಡ ಅಂತ ಸಂತೋಷದಲ್ಲಿ ಇರುವವರ ಎದುರು, ನಿಮ್ಮ ಮಗಳಿಗೆ ಆ ಕಾಯಿಲೆ ಅಂಟಿಸಿದ್ದೇ ನಾನು ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ದೊಡ್ಡವರು ಸಹ ಹೇಳ್ಬೇಡ ಅಂದ್ರು, ಆಸ್ಪತ್ರೆಯ ಹೆಸರು ಹೋಗ್ತದೆ ಅಂತ."

ಮುರಿದ ಮದುವೆ ಮತ್ತೆ ಕೂಡಲಿಲ್ಲ. ರಿಪೋರ್ಟು ತಪ್ಪೆಂದು ಹೇಳಿ ಕಳುಹಿಸಿದರೂ ಬಹ್ರೈನಿನ ಹುಡುಗನ ಮನೆಯವರು ನಂಬಲಿಲ್ಲ. ಒಮ್ಮೆ ಕ್ಯಾನ್ಸರ್ ಎಂದು ಊರಿಗೆಲ್ಲ ಕೇಳಿದ ಮೇಲೆ ಬೇರೆ ಕಡೆಯಿಂದಲೂ ಯಾರೂ ಬರಲಿಲ್ಲ. ಬಾಯಿಂದ ಬಾಯಿಗೆ ಹೋಗುವ ಮಾತಿಗೆ ಮರುಪರೀಕ್ಷೆ ಎಲ್ಲಿಂದ ಬರಬೇಕು? ಡುಲ್ಸಿನ್ ಅದೇ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾರೆ, ತಾಯಿಯ ಜೊತೆಗಿದ್ದಾರೆ. ಬಾಗಿಯಕ್ಕನಿಗೆ ಇದೆಲ್ಲ ಗೊತ್ತು. ಮೂರು ಸಲ ಗುರುವಾರ ರಜೆ ಹಾಕಿ ಬಸ್ಸು ಹಿಡಿದು ಹೋಗಿ ಬಿಕರ್ನಕಟ್ಟೆಯಲ್ಲಿ ಇಳಿದಿದ್ದಾರೆ. ಗುರುವಾರದ ಪೂಜೆ ಮುಗಿಸಿ ಚರ್ಚಿನ ಮೆಟ್ಟಿಲಿಳಿದು ಬರುವ ಟೀಚರನ್ನು ನೋಡಿದ್ದಾರೆ. ಮೂರು ಸಲವೂ ಮಾತಾಡದೆ ಮುಂದಿನ ಬಸ್ಸಿಗೆ ವಾಪಸು ಬಂದಿದ್ದಾರೆ.

ಇದನ್ನೆಲ್ಲ ಪೇಪರಿನಲ್ಲಿ ಬರೆಯಬೇಕೆಂದು ಹೇಳಿದ್ದು ಬಾಗಿಯಕ್ಕನೇ. ನಿವೃತ್ತಿಗೆ ಇನ್ನೂ ಎರಡು ವರ್ಷ ಉಂಟು, ಕೆಲಸಕ್ಕೆ ಕುತ್ತು ಬರಬಹುದು ಎಂದು ಎಚ್ಚರಿಸಿದರೆ, "ಬರ್ಲಿ," ಎನ್ನುತ್ತಾರೆ. ಈಗ ನಿವೃತ್ತರಾಗಿ ಮನೆಯಲ್ಲಿರುವ ಜಯಪಾಲರನ್ನು ಕೇಳಿದಾಗ ಅವರು, "ಅವಳು ಹೇಳಿದ್ದು ಅಕ್ಷರಶಃ ಸತ್ಯ. ಸಹಿ ನನ್ನದು ಅಂತಲೂ ಸೇರಿಸಿ," ಎಂದರು.

ಹತ್ತು ಗಂಟೆಗೆ ಇಂದಿನ ಕೊನೆಯ ಬ್ಲಾಕ್ ಮುಗಿಯುತ್ತದೆ. ಫೋಟೋ ತೆಗೆಯಬಹುದೇ ಎಂದು ಕೇಳಿದರೆ, ಇಂಥವರು ಸಾಮಾನ್ಯವಾಗಿ ಬೇಡವೆನ್ನುತ್ತಾರೆ. ಬಾಗಿಯಕ್ಕ ಸೆರಗು ಸರಿಮಾಡಿಕೊಂಡು ಕಿಟಕಿಯ ಬೆಳಕಿಗೆ ಬಂದು ನಿಲ್ಲುತ್ತಾರೆ.

"ಮುಖ ಸರಿ ಕಾಣ್ಬೇಕು. ಟೀಚರಿನ ಹೆಸರು ಎಲ್ಲಿಯೂ ಹಾಕ್ಬೇಡಿ. ನನ್ನದು ಹಾಕಿ, ಮನೆ ಉರ್ವ ಮಾರ್ಕೆಟಿನ ಹಿಂದೆ ಅಂತ ಸಹ ಹಾಕಿ. ಅವರು ಆದಿತ್ಯವಾರ ಪೇಪರ್ ಓದ್ತಾರೆ, ಟೀಚರ್ ಅಲ್ವಾ. ಓದಿ ಸಿಟ್ಟು ಬಂದು ಬೈಲಿಕ್ಕೆ ಅಂತ ಹೊರಟ್ರೆ, ಎಲ್ಲಿಗೆ ಬರ್ಬೇಕು ಅಂತ ಗೊತ್ತಾಗ್ಬೇಕಲ್ಲ ಅವರಿಗೆ. ಮನೆಯಲ್ಲಿ ಇಲ್ಲದಿದ್ರೆ ನಾನು ಬೆಳಗ್ಗೆ ಆರು ಗಂಟೆಯಿಂದ ಈ ಲ್ಯಾಬಿನಲ್ಲೇ ಇರ್ತೇನೆ."